ಲೆನ್ಸಿನ ಗಾತ್ರವನ್ನು ಅಳೆದು ಆರಿಸುವ ಬಗೆ: ಇಂದಿನ ದೊಡ್ಡ ಲೆನ್ಸುಗಳು ಮತ್ತು ರೇಂಜ್‌ಫೈಂಡರಿನ ಪುಟ್ಟ ಲೆನ್ಸುಗಳು

ಲೈಕಾ ಕಂಪನಿಯೇ ತಯಾರಿಸಿದ ಎರಡು ಲೆನ್ಸುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರೆ ಈ ಬರಹದ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಎರಡೂ 50 ಮಿ.ಮೀ. ಲೆನ್ಸುಗಳು, ಎರಡೂ ಎಫ್/1.4ರವರೆಗೆ ತೆರೆದುಕೊಳ್ಳುವಂಥವು (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು), ಎರಡೂ 24×36 ಮಿ.ಮೀ. ಚೌಕಟ್ಟನ್ನು ತುಂಬುವಂಥವು. ರೇಂಜ್‌ಫೈಂಡರ್ ಕ್ಯಾಮೆರಾಗಾಗಿ (ಲೆನ್ಸಿನ ಮೂಲಕವಲ್ಲದೆ ಬೇರೊಂದು ಕಿಟಕಿಯಲ್ಲಿ ನೋಡಿ, ದೂರ ಅಳೆದು, ಕೈಯಿಂದ ಫೋಕಸ್ ಮಾಡುವ ಕ್ಯಾಮೆರಾ ಅದು) 2004ರಲ್ಲಿ ಬಂದ ಸುಮಿಲಕ್ಸ್-ಎಂ ಲೆನ್ಸಿನ ಕಪ್ಪು ಮಾದರಿಯ ತೂಕ 335 ಗ್ರಾಂ. ಮುಷ್ಟಿ ಮುಚ್ಚಿದರೆ ಅದು ಒಳಗೆ ಅಡಗಿಹೋಗುತ್ತದೆ. ಆಟೊಫೋಕಸ್ ಇರುವ, ಒಳಗೆ ಕನ್ನಡಿಯಿಲ್ಲದ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಾಗಿ ಮಾಡಿದ ಸುಮಿಲಕ್ಸ್-ಎಸ್‌ಎಲ್ ಲೆನ್ಸಿನ ತೂಕ 1,065 ಗ್ರಾಂ, ಉದ್ದ 124 ಮಿ.ಮೀ. ಚಿಕ್ಕದಕ್ಕೆ 46 ಮಿ.ಮೀ. ಫಿಲ್ಟರ್ ಸಾಕಾದರೆ ದೊಡ್ಡದಕ್ಕೆ 82 ಮಿ.ಮೀ. ಫಿಲ್ಟರ್ ಬೇಕು. ತೂಕದ ಅಂತರ 730 ಗ್ರಾಂ.

ಈ 730 ಗ್ರಾಂ ಯಾವ ಕೆಲಸ ಮಾಡುತ್ತಿದೆ ಎಂದು ತಿಳಿಯದೆ ಲೆನ್ಸ್ ಆರಿಸುವವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಹಿಂದಿನವರಿಗೆ ಚಿಕ್ಕದಾಗಿ ಮಾಡುವ ಕಸುಬು ಗೊತ್ತಿತ್ತು, ಇಂದಿನವರು ಅದನ್ನು ಮರೆತಿದ್ದಾರೆ ಎಂದು ನಂಬಿದವರು ತಮ್ಮ ಕೆಲಸಕ್ಕೆ ಒಗ್ಗದ ಪುಟ್ಟ ಲೆನ್ಸನ್ನು ಕೊಂಡು ತೊಂದರೆಪಡುತ್ತಾರೆ. ದೊಡ್ಡದೆಲ್ಲ ಒಳ್ಳೆಯದೇ ಇರಬೇಕು ಎಂದು ನಂಬಿದವರು ತಾವೆಂದೂ ಬಳಸದ ಸಾಮರ್ಥ್ಯವನ್ನು ದಿನವಿಡೀ ಹೆಗಲ ಮೇಲೆ ಹೊತ್ತು ತಿರುಗುತ್ತಾರೆ. ಲೆನ್ಸಿನ ಗಾತ್ರವನ್ನು ಅಂಗಡಿಯ ಒಂದು ಬಿಲ್ಲಿನಂತೆ ಓದಬಹುದು ಎಂಬುದು ನನ್ನ ಅನುಭವ. ಅದರ ಒಂದೊಂದು ಸಾಲೂ ಒಂದೊಂದು ಸೌಲಭ್ಯದ ಹೆಸರಿನಲ್ಲಿದೆ. ಸಾಲುಗಳನ್ನು ಬಿಡಿಸಿ ಓದಿದರೆ ನಮಗೆ ಬೇಕಾದವಕ್ಕಷ್ಟೇ ತೂಕ ಹೊರಬಹುದು.

ಮೊದಲು ಸರಿಯಾಗಿ ಅಳೆಯಿರಿ

ತಯಾರಕರು ಕೊಡುವ ಲೆನ್ಸಿನ ಉದ್ದ ಮೌಂಟಿನ, ಅಂದರೆ ಲೆನ್ಸು ಕ್ಯಾಮೆರಾಗೆ ಕೂರುವ ಬಾಯಿಯ, ಲೋಹದ ಅಂಚಿನಿಂದ ಲೆನ್ಸಿನ ಮುಂತುದಿಯವರೆಗಿನದು. ಆದರೆ ಬೆಳಕಿನ ಪಯಣ ಮೌಂಟಿನಲ್ಲಿ ಮುಗಿಯುವುದಿಲ್ಲ, ಅದು ಚಿತ್ರ ಹಿಡಿಯುವ ಸೆನ್ಸರಿನವರೆಗೆ ಹೋಗಬೇಕು. ಮೌಂಟಿನಿಂದ ಸೆನ್ಸರಿಗಿರುವ ಈ ಅಂತರವನ್ನು ಫ್ಲ್ಯಾಂಜ್ ಅಂತರ ಎನ್ನುತ್ತಾರೆ, ಮತ್ತು ಅದು ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಬಗೆ: ನಿಕಾನ್ ಜೆಡ್ ಮೌಂಟಿನಲ್ಲಿ 16 ಮಿ.ಮೀ., ಸೋನಿ ಇ ಮೌಂಟಿನಲ್ಲಿ 18, ಕ್ಯಾನನ್ ಆರ್‌ಎಫ್ ಮತ್ತು ಲೈಕಾದ ಮಿರರ್‌ಲೆಸ್ ಕ್ಯಾಮೆರಾಗಳ ಎಲ್ ಮೌಂಟುಗಳಲ್ಲಿ 20, ಲೈಕಾ ಎಂ ಮೌಂಟಿನಲ್ಲಿ 27.8, ಕನ್ನಡಿಯಿದ್ದ ಎಸ್‌ಎಲ್‌ಆರ್ ಕಾಲದ ನಿಕಾನ್ ಎಫ್ ಮೌಂಟಿನಲ್ಲಿ 46.5 ಮಿ.ಮೀ. ಆದ್ದರಿಂದ ಎರಡು ಬೇರೆ ಬೇರೆ ವ್ಯವಸ್ಥೆಗಳ ಲೆನ್ಸುಗಳನ್ನು ಹೋಲಿಸುವಾಗ ಲೆನ್ಸಿನ ಉದ್ದಕ್ಕೆ ಫ್ಲ್ಯಾಂಜ್ ಅಂತರವನ್ನು ಕೂಡಿಸಿ, ಸೆನ್ಸರಿನಿಂದ ಮುಂತುದಿಯವರೆಗಿನ ಒಟ್ಟು ಅಳತೆಯನ್ನು ಹೋಲಿಸಬೇಕು.

ಹೀಗೆ ಕೂಡಿಸಿ ನೋಡಿದರೆ ಕೆಲವು ನಂಬಿಕೆಗಳು ಅಲುಗಾಡುತ್ತವೆ. ನಿಕಾನಿನ ಎಸ್‌ಎಲ್‌ಆರ್ ಲೆನ್ಸ್ 50 ಮಿ.ಮೀ. ಎಫ್/1.8ಜಿಯ ಉದ್ದ 52.5 ಮಿ.ಮೀ.; ಅದರ ಜಾಗಕ್ಕೆ 2018ರಲ್ಲಿ ಬಂದ ಜೆಡ್ 50 ಮಿ.ಮೀ. ಎಫ್/1.8 ಎಸ್ ಲೆನ್ಸಿನ ಉದ್ದ 86.5 ಮಿ.ಮೀ. ಕ್ಯಾಮೆರಾ ತೆಳ್ಳಗಾಯಿತು, ಲೆನ್ಸು ಮಾತ್ರ ಉಬ್ಬಿತು ಎಂಬ ದೂರು ಹುಟ್ಟಿದ್ದೇ ಇಂಥ ಅಂಕಿಗಳಿಂದ. ಆದರೆ ಸೆನ್ಸರಿನಿಂದ ಅಳೆದರೆ ಹಳೆಯದು 99 ಮಿ.ಮೀ., ಹೊಸದು 102.5 ಮಿ.ಮೀ. ಹಿಂದೆ ಕನ್ನಡಿ ಕೂತಿದ್ದ ಖಾಲಿ ಜಾಗ ಈಗ ಲೆನ್ಸಿನ ಕೊಳವೆಯೊಳಕ್ಕೆ ಸೇರಿಕೊಂಡಿದೆ, ಅಷ್ಟೆ. ತೂಕದ ಮಾತು ಬೇರೆ: 185 ಗ್ರಾಂ ಇದ್ದದ್ದು 415 ಗ್ರಾಂ ಆಗಿದೆ. ಏಕೆಂದರೆ ಗಾಜುಗಳ ಸಂಖ್ಯೆ 7ರಿಂದ 12ಕ್ಕೆ ಏರಿದೆ. ಉದ್ದ ಬೆಳೆದದ್ದಕ್ಕೂ ತೂಕ ಬೆಳೆದದ್ದಕ್ಕೂ ಕಾರಣ ಒಂದೇ ಅಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ರೇಂಜ್‌ಫೈಂಡರ್ ಲೆನ್ಸನ್ನೂ ಇದೇ ಅಳತೆಗೆ ಒಡ್ಡೋಣ. ಲೈಕಾದ ಸುಮಿಕ್ರಾನ್-ಎಂ 50 ಮಿ.ಮೀ. ಎಫ್/2 ಲೆನ್ಸಿನ ಉದ್ದ 43.5 ಮಿ.ಮೀ., ತೂಕ 240 ಗ್ರಾಂ. ಸೆನ್ಸರಿನಿಂದ ಲೆಕ್ಕ ಹಾಕಿದರೆ 71.3 ಮಿ.ಮೀ. ನಿಕಾನಿನ ಜೆಡ್ ಲೆನ್ಸಿಗಿಂತ ಇದು 31 ಮಿ.ಮೀ.ನಷ್ಟು ಗಿಡ್ಡ, ಪಟ್ಟಿಯಲ್ಲಿ ಕಾಣುವ 43 ಮಿ.ಮೀ. ಅಂತರ ನಿಜವಾದ ಅಂತರವಲ್ಲ. ಈಗ ಕ್ಯಾನನ್ನಿನ ಆರ್‌ಎಫ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಲೆನ್ಸನ್ನು ತೆಗೆದುಕೊಳ್ಳಿ: ಉದ್ದ 40.5 ಮಿ.ಮೀ., ಸೆನ್ಸರಿನಿಂದ 60.5 ಮಿ.ಮೀ., ತೂಕ 160 ಗ್ರಾಂ. ಆಟೊಫೋಕಸ್ ಮೋಟಾರು ಒಳಗಿದ್ದೂ ಅದು ಸುಮಿಕ್ರಾನಿಗಿಂತ ಗಿಡ್ಡ, ಹಗುರ ಕೂಡ. ಇಂದಿನ ಲೆನ್ಸುಗಳೆಲ್ಲ ದೊಡ್ಡವು ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ದೊಡ್ಡದಾಗಿರುವುದು ಇಂದಿನ ಲೆನ್ಸುಗಳಲ್ಲಿ ಒಂದು ವರ್ಗ, ಅದಕ್ಕೆ ಅದರದೇ ಕಾರಣಗಳಿವೆ.

ಉದ್ದದ ಜೊತೆಗೆ ವ್ಯಾಸವನ್ನೂ ನೋಡಿ. ಚೀಲದಲ್ಲಿ ಜಾಗ ತಿನ್ನುವುದು ಹೆಚ್ಚಾಗಿ ವ್ಯಾಸವೇ. ಲೆನ್ಸಿನ ಮುಂದೆ ನೆರಳಿಗೆಂದು ಸಿಕ್ಕಿಸುವ ಹುಡ್ ಅಳತೆಯಲ್ಲಿ ಸೇರಿರುವುದಿಲ್ಲ, ಆದರೆ ಅದನ್ನು ಹಾಕಿಕೊಂಡೇ ಫೋಟೊ ತೆಗೆಯುವವರಿಗೆ ಅದೂ ಲೆನ್ಸಿನ ಭಾಗವೇ.

ಕೊಳವೆಯೊಳಗೆ ಇರುವುದೇನು

ಲೆನ್ಸಿಗೆ ಎಷ್ಟು ಅಗಲದ ಕಿಂಡಿ, ಅಂದರೆ ಅಪರ್ಚರ್, ಬೇಕೆಂಬುದು ಸರಳ ಲೆಕ್ಕ: ಫೋಕಲ್ ಲೆಂತನ್ನು, ಅಂದರೆ ಶಾಲೆಯಲ್ಲಿ ಸಂಗಮದೂರವೆಂದು ಕಲಿತ ಅಳತೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಬೇಕು. 50 ಮಿ.ಮೀ. ಎಫ್/2 ಲೆನ್ಸಿಗೆ 25 ಮಿ.ಮೀ. ಕಿಂಡಿ, ಎಫ್/1.4 ಲೆನ್ಸಿಗೆ ಸುಮಾರು 36 ಮಿ.ಮೀ. ಎಂದರೆ 82 ಮಿ.ಮೀ. ಫಿಲ್ಟರ್ ಬೇಡುವ ಲೆನ್ಸಿಗೂ ಬೆಳಕು ಒಳಬರಲು ಬೇಕಾದ ಕಿಂಡಿ 36 ಮಿ.ಮೀ. ಮಾತ್ರ. ಉಳಿದ ಅಗಲ ಏಕೆ ಬೇಕಾಯಿತು ಎಂಬುದನ್ನು ನಿಮ್ಮ ಕೈಯಾರೆ ನೋಡಬಹುದು, ಮತ್ತು ಈ ಪ್ರಯೋಗವನ್ನು ಲೆನ್ಸಿನ ಬಗ್ಗೆ ಆಸಕ್ತಿ ಇರುವ ಪ್ರತಿಯೊಬ್ಬರೂ ಒಮ್ಮೆ ಮಾಡಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಅಪರ್ಚರ್ ರಿಂಗ್ ಇರುವ ಒಂದು ಪುಟ್ಟ ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಅಪರ್ಚರನ್ನು ಪೂರ್ತಿ ತೆರೆಯಿರಿ. ಬೆಳಕಿರುವ ಕಿಟಕಿಯ ಕಡೆಗೆ ಮುಖಮಾಡಿ, ಲೆನ್ಸನ್ನು ಒಂದು ತೋಳಳತೆಯ ದೂರದಲ್ಲಿ ಹಿಡಿದು ನೇರವಾಗಿ ನೋಡಿ. ಒಳಗೆ ಬೆಳಕಿನ ದುಂಡು ಬಿಲ್ಲೆ ಕಾಣುತ್ತದೆ. ಈಗ ಲೆನ್ಸನ್ನು ನಿಧಾನವಾಗಿ ಒಂದು ಪಕ್ಕಕ್ಕೆ ಓರೆಮಾಡುತ್ತ ಹೋಗಿ. ಆ ದುಂಡು ಬಿಲ್ಲೆ ಎರಡೂ ಬದಿಯಿಂದ ಕತ್ತರಿಸಿಕೊಳ್ಳುತ್ತ ಬಾದಾಮಿಯ ಆಕಾರಕ್ಕೆ ಬರುತ್ತದೆ. ಒಂದು ಬದಿಯನ್ನು ಕತ್ತರಿಸಿದ್ದು ಮುಂದಿನ ಗಾಜಿನ ಅಂಚು, ಇನ್ನೊಂದು ಬದಿಯನ್ನು ಕತ್ತರಿಸಿದ್ದು ಹಿಂದಿನ ಗಾಜಿನ ಅಂಚು. ಚಿತ್ರದ ಮೂಲೆಗೆ ಹೋಗುವ ಬೆಳಕು ಲೆನ್ಸನ್ನು ಹೀಗೆ ಓರೆಯಾಗಿಯೇ ನೋಡುತ್ತದೆ. ಅದಕ್ಕೆ ಸಿಕ್ಕುವ ಕಿಂಡಿ ದುಂಡಲ್ಲ, ಬಾದಾಮಿ. ಮೂಲೆಗಳು ಕಪ್ಪಾಗುವುದಕ್ಕೂ, ಹಿನ್ನೆಲೆಯ ದೀಪಗಳು ಚೌಕಟ್ಟಿನ ಅಂಚಿನಲ್ಲಿ ಬೆಕ್ಕಿನ ಕಣ್ಣಿನಂತೆ ಕಾಣುವುದಕ್ಕೂ ಇದೇ ಕಾರಣ. ಬಿಲ್ಲೆ ಓರೆಯಲ್ಲೂ ದುಂಡಗೆ ಉಳಿಯಬೇಕಾದರೆ ಮುಂದಿನ ಮತ್ತು ಹಿಂದಿನ ಗಾಜುಗಳನ್ನು ಕಿಂಡಿಗಿಂತ ಬಹಳ ಅಗಲ ಮಾಡಬೇಕು. ಬಿಲ್ಲಿನ ಮೊದಲ ಸಾಲು ಇದು. ಆಟೊಫೋಕಸ್ ಲೆನ್ಸುಗಳಲ್ಲಿ ಕೆಲವು ಕ್ಯಾಮೆರಾದಿಂದ ಬಿಡಿಸಿದಾಗ ಅಪರ್ಚರನ್ನು ಅರೆ ಮುಚ್ಚಿಕೊಳ್ಳುತ್ತವೆ. ಅಂಥವನ್ನು ಪರೀಕ್ಷಿಸಲು ರಾತ್ರಿ ದೂರದ ದೀಪಗಳತ್ತ ಕ್ಯಾಮೆರಾ ತಿರುಗಿಸಿ, ಫೋಕಸನ್ನು ತೀರ ಹತ್ತಿರಕ್ಕೆ ತಂದು ಒಂದು ಫೋಟೊ ತೆಗೆದರೆ ಸಾಕು. ಮಸುಕಾದ ಪ್ರತಿಯೊಂದು ದೀಪವೂ ಆ ಜಾಗದಿಂದ ಕಾಣುವ ಕಿಂಡಿಯ ಆಕಾರವನ್ನು ತೋರಿಸುತ್ತದೆ.

ಎರಡನೆಯ ಸಾಲು ದೋಷಗಳ ತಿದ್ದುಪಡಿಯದು. ಒಂದೇ ಗಾಜು ಬೆಳಕನ್ನು ಜೋರಾಗಿ ಬಾಗಿಸಿದರೆ ಗೋಳೀಯ ದೋಷ (ಗಾಜಿನ ಅಂಚಿನ ಮತ್ತು ನಡುವಿನ ಕಿರಣಗಳು ಒಂದೇ ಕಡೆ ಸೇರದಿರುವುದು), ವರ್ಣದೋಷ (ಬೇರೆ ಬೇರೆ ಬಣ್ಣಗಳು ಒಂದೇ ಕಡೆ ಸೇರದಿರುವುದು) ಮೊದಲಾದವು ಹೆಚ್ಚುತ್ತವೆ. ಬಾಗಿಸುವ ಕೆಲಸವನ್ನು ಹಲವು ಗಾಜುಗಳಿಗೆ ಹಂಚಿದರೆ ಪ್ರತಿಯೊಂದರ ಮೇಲಿನ ಹೊರೆ ಇಳಿಯುತ್ತದೆ. ಸುಮಿಕ್ರಾನಿನಲ್ಲಿ 6 ಗಾಜುಗಳು, ಸುಮಿಲಕ್ಸ್-ಎಂ ಲೆನ್ಸಿನಲ್ಲಿ 8, ಸುಮಿಲಕ್ಸ್-ಎಸ್‌ಎಲ್‌ನಲ್ಲಿ 11, ನಿಕಾನಿನ ಜೆಡ್ 50 ಮಿ.ಮೀ. ಎಫ್/1.2ರಲ್ಲಿ 17. ಈ ಕೊನೆಯದು 150 ಮಿ.ಮೀ. ಉದ್ದ, 1,090 ಗ್ರಾಂ. ಆಟೊಫೋಕಸ್ ಬಂದದ್ದರಿಂದಲೇ ಲೆನ್ಸುಗಳು ದಪ್ಪಗಾದವು ಎನ್ನುವವರು ಜೈಸ್ ಕಂಪನಿ 2013ರಲ್ಲಿ ತಂದ ಓಟಸ್ 55 ಮಿ.ಮೀ. ಎಫ್/1.4 ಲೆನ್ಸನ್ನು ನೆನೆಯಬೇಕು. ಅದರಲ್ಲಿ ಮೋಟಾರೇ ಇಲ್ಲ, ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಆದರೂ ಅದು ಸುಮಾರು ಒಂದು ಕಿಲೋ ತೂಗುತ್ತದೆ. ಅಪರ್ಚರ್ ಪೂರ್ತಿ ತೆರೆದಾಗಲೂ ಮೂಲೆಯಿಂದ ಮೂಲೆಗೆ ಚಿತ್ರ ಸ್ಪಷ್ಟವಾಗಿರಬೇಕೆಂಬ ಹಟಕ್ಕೆ ಗಾಜೇ ತೆರಬೇಕಾದ ಬೆಲೆ ಅದು.

ಆ ಹಟ ಎಲ್ಲಿಂದ ಬಂತು ಎಂಬುದೂ ಅರ್ಥವಾಗುವಂಥದ್ದೇ. ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮೈಮೇಲೆ ಕೆತ್ತಿದ ಆಳಸ್ಪಷ್ಟತೆಯ, ಅಂದರೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವೆಂದು ಹೇಳುವ, ಗುರುತುಗಳು 0.03 ಮಿ.ಮೀ. ಅಗಲದ ಮಸುಕನ್ನು ಸ್ಪಷ್ಟವೆಂದೇ ಎಣಿಸುತ್ತಿದ್ದವು. 60 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.004 ಮಿ.ಮೀ.ಗಿಂತಲೂ ಸ್ವಲ್ಪ ಕಡಿಮೆ. ಹಿಂದೆ ಚುಕ್ಕೆಯೆನಿಸಿದ್ದು ಈಗ ಪರದೆಯ ಮೇಲೆ ಎಂಟು ಪಿಕ್ಸೆಲ್ ಅಗಲದ ಕಲೆಯಾಗಿ ಕಾಣುತ್ತದೆ.

ಮೂರನೆಯ ಸಾಲು ಫೋಕಸ್ ವಿಧಾನದ್ದು. ರೇಂಜ್‌ಫೈಂಡರ್ ಲೆನ್ಸಿನಲ್ಲಿ ಸಾಮಾನ್ಯವಾಗಿ ಇಡೀ ಗಾಜಿನ ಗುಂಪು ಒಂದೇ ತುಂಡಾಗಿ, ಹಿತ್ತಾಳೆಯ ಸುರುಳಿ ತಿರುಪಿನ ಮೇಲೆ ಮುಂದಕ್ಕೆ ಸರಿಯುತ್ತದೆ. 50 ಮಿ.ಮೀ. ಲೆನ್ಸು ಅನಂತ ದೂರದಿಂದ 0.7 ಮೀಟರಿಗೆ ಬರಲು ಸುಮಾರು 4 ಮಿ.ಮೀ. ಸರಿದರೆ ಸಾಕು. ಅದೇ ಲೆನ್ಸು 0.4 ಮೀಟರಿಗೆ ಬರಬೇಕಾದರೆ ಎಂಟೂವರೆ ಮಿ.ಮೀ. ಸರಿಯಬೇಕು, ಮತ್ತು ಅಷ್ಟು ಹತ್ತಿರದಲ್ಲಿ ದೂರಕ್ಕೆಂದು ಹೊಂದಿಸಿದ ತಿದ್ದುಪಡಿಗಳು ಹದ ತಪ್ಪುತ್ತವೆ. ಇಂದಿನ ದೊಡ್ಡ ಲೆನ್ಸುಗಳಲ್ಲಿ ಹೆಚ್ಚಿನವು ಇಡೀ ಗುಂಪನ್ನು ಅಲುಗಿಸದೆ ಒಳಗಿನ ಒಂದೆರಡು ಹಗುರ ಗಾಜುಗಳನ್ನು ಮಾತ್ರ ಲೀನಿಯರ್ ಮೋಟಾರಿನಿಂದ ಓಡಾಡಿಸುತ್ತವೆ. ಓಡುವ ಮಗುವಿನ ಕಣ್ಣನ್ನು ಹಿಂಬಾಲಿಸುವ ವೇಗ ಬರುವುದು ಇದರಿಂದಲೇ. ಆದರೆ ಆ ಗಾಜುಗಳು ಓಡಾಡಲು ಓಣಿ ಬೇಕು, ಮೋಟಾರಿಗೆ ಸುತ್ತ ಜಾಗ ಬೇಕು, ಅವು ಎಲ್ಲಿ ನಿಂತರೂ ಚಿತ್ರ ಕೆಡದಂತೆ ಕಾಯಲು ಇನ್ನಷ್ಟು ಗಾಜು ಬೇಕು. ಮೋಟಾರುಗಳು ಸುಧಾರಿಸಿದಂತೆ ಈ ಸಾಲು ಕಿರಿದಾಗುತ್ತಲೂ ಇದೆ: ಸೋನಿ ಇ ಮೌಂಟಿಗೆ 2016ರಲ್ಲಿ ಬಂದ 50 ಮಿ.ಮೀ. ಎಫ್/1.4 ಪ್ಲಾನಾರ್ 778 ಗ್ರಾಂ ಇತ್ತು, 2023ರಲ್ಲಿ ಬಂದ ಅದೇ ಅಳತೆಯ ಜಿ ಮಾಸ್ಟರ್ 516 ಗ್ರಾಂ. ಹಳೆಯದರಲ್ಲಿ 12 ಗಾಜು, ಹೊಸದರಲ್ಲಿ 14. ಎರಡು ಗಾಜು ಹೆಚ್ಚಾಗಿಯೂ ತೂಕ ಮೂರನೇ ಒಂದರಷ್ಟು ಇಳಿದಿದೆ.

ಇನ್ನೊಂದು ಸಾಲು ಸೆನ್ಸರಿನದು. ಫಿಲ್ಮು ಓರೆಯಾಗಿ ಬಂದ ಬೆಳಕನ್ನೂ ಹೆಚ್ಚು ತಕರಾರಿಲ್ಲದೆ ಸ್ವೀಕರಿಸುತ್ತಿತ್ತು. ಸೆನ್ಸರಿನ ಮುಂದೆ ಒಂದು ಗಾಜಿನ ಹೊದಿಕೆ ಇರುತ್ತದೆ, ಮತ್ತು ಅದನ್ನು ಹಾದುಹೋಗುವ ಬೆಳಕಿನ ಫೋಕಸ್ ಹೊದಿಕೆಯ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಸರಿಯುತ್ತದೆ. ನೇರವಾಗಿ ಬಂದ ಕಿರಣಗಳಿಗೆ ಈ ಲೆಕ್ಕ ಸರಿ. ಓರೆಯಾಗಿ ಬಂದವು ಇನ್ನೂ ಹೆಚ್ಚು ಸರಿಯುತ್ತವೆ, ಆದ್ದರಿಂದ ಮೂಲೆಗಳು ಮೆತ್ತಗಾಗುತ್ತವೆ. ಇಂದಿನ ಲೆನ್ಸುಗಳ ವಿನ್ಯಾಸಕಾರರು ಈ ಹೊದಿಕೆಯನ್ನೂ ಲೆಕ್ಕದಲ್ಲಿ ಸೇರಿಸಿಕೊಂಡು, ಹಿಂದಿನ ಗಾಜನ್ನು ಅಗಲವಾಗಿಟ್ಟು, ಕಿರಣಗಳು ಆದಷ್ಟು ನೆಟ್ಟಗೆ ಬೀಳುವಂತೆ ಮಾಡುತ್ತಾರೆ. ನಿಕಾನ್ ಜೆಡ್ ಮೌಂಟಿನ ಬಾಯಿ 55 ಮಿ.ಮೀ. ಅಗಲವಿರುವುದು ಇಂಥ ವಿನ್ಯಾಸಕ್ಕೆ ಅನುಕೂಲ. ಹಳೆಯ ಎಫ್ ಮೌಂಟಿನದು 44 ಮಿ.ಮೀ. ಇತ್ತು.

ಧೂಳು ಮತ್ತು ಹನಿ ತಡೆಯುವ ರಬ್ಬರ್ ಪಟ್ಟಿ, ಗುಂಡಿಗಳು, ಇನ್ನೊಂದು ನಿಯಂತ್ರಣ ರಿಂಗ್ ಮೊದಲಾದವು ಬಿಲ್ಲಿನ ಚಿಲ್ಲರೆ ಬಾಬುಗಳು.

ರೇಂಜ್‌ಫೈಂಡರ್ ಲೆನ್ಸು ಚಿಕ್ಕದಾಗಿರಲೇಬೇಕು

1925ರಲ್ಲಿ ಮೊದಲ ಲೈಕಾ ಮಾರುಕಟ್ಟೆಗೆ ಬಂದಾಗ ಅದರ ಹಿಂದೆ ಇದ್ದದ್ದು ಜೇಬಿಗೆ ಹಿಡಿಸುವ ಕ್ಯಾಮೆರಾದ ಕನಸು. ಮ್ಯಾಕ್ಸ್ ಬೆರೆಕ್ ವಿನ್ಯಾಸದ ಎಲ್ಮಾರ್ 50 ಮಿ.ಮೀ. ಎಫ್/3.5ರಲ್ಲಿ ಇದ್ದದ್ದು ನಾಲ್ಕೇ ಗಾಜುಗಳು, ಮತ್ತು ಕೆಲಸ ಮುಗಿದ ಮೇಲೆ ಕೊಳವೆಯನ್ನು ಕ್ಯಾಮೆರಾದೊಳಕ್ಕೆ ತಳ್ಳಿಬಿಡಬಹುದಾಗಿತ್ತು. 1954ರಲ್ಲಿ ಲೈಕಾ ಎಂ3 ಕ್ಯಾಮೆರಾದ ಜೊತೆಗೆ ಎಂ ಮೌಂಟು ಬಂದ ಮೇಲೂ ಚಿಕ್ಕದಾಗಿರಲೇಬೇಕೆಂಬ ಒತ್ತಾಯ ಹೋಗಲಿಲ್ಲ, ಏಕೆಂದರೆ ಇಲ್ಲಿ ನೋಡುವ ಕಿಟಕಿ ಲೆನ್ಸಿನ ಒಳಗಿಲ್ಲ, ಮೇಲ್ಮೂಲೆಯಲ್ಲಿದೆ. ಆ ಕಿಟಕಿಯಲ್ಲಿ ಕಣ್ಣಿಟ್ಟು ನೋಡಿದರೆ ಲೆನ್ಸಿನ ಮುಂತುದಿ ದೃಶ್ಯದ ಕೆಳಗಿನ ಬಲಮೂಲೆಯಲ್ಲಿ ಕಪ್ಪು ಕಮಾನಾಗಿ ಇಣುಕುತ್ತದೆ. ಲೆನ್ಸು ದಪ್ಪಗಾದಷ್ಟೂ ಆ ಕಮಾನು ಮೇಲೇರಿ ದೃಶ್ಯವನ್ನು ನುಂಗುತ್ತದೆ. ಕ್ಯಾನನ್ 1961ರಲ್ಲಿ ತನ್ನ ರೇಂಜ್‌ಫೈಂಡರ್ ಕ್ಯಾಮೆರಾಗೆ ತಂದ 50 ಮಿ.ಮೀ. ಎಫ್/0.95 ಲೆನ್ಸು ಈ ಮಿತಿಯನ್ನು ಮೀರಿದವುಗಳಲ್ಲಿ ಒಂದು, ಅದರಿಂದ ಕಿಟಕಿಯ ನೋಟಕ್ಕಾಗುವ ಅಡ್ಡಿಯೂ ಅಷ್ಟೇ ದೊಡ್ಡದು.

ಹೀಗೆ ಕಿಟಕಿ ವ್ಯಾಸಕ್ಕೆ ಬೇಲಿ ಹಾಕಿತು. ದೂರ ಅಳೆಯುವ ಯಾಂತ್ರಿಕ ಕೊಂಡಿ ಹತ್ತಿರದ ಫೋಕಸಿಗೆ ಬೇಲಿ ಹಾಕಿತು. ಎಂ ಮೌಂಟಿನ ಬಹುತೇಕ ಲೆನ್ಸುಗಳು 0.7 ಮೀಟರಿಗೆ ನಿಂತುಬಿಡುವುದು ಆದ್ದರಿಂದಲೇ. ಮೋಟಾರಿಲ್ಲ, ಸಾಮಾನ್ಯವಾಗಿ ಒಳಗೆ ಓಡಾಡುವ ಗಾಜಿಲ್ಲ, ಕನ್ನಡಿಗೆ ಜಾಗ ಬಿಡಬೇಕಾಗಿಲ್ಲ. ಇಷ್ಟನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವುದು ಗಾಜು ಮತ್ತು ಲೋಹದ ಒಂದು ಗಟ್ಟಿ ಗುಪ್ಪೆ. ಅದರ ಸೊಗಸೇ ಬೇರೆ: ತೋರುಬೆರಳು ಫೋಕಸಿನ ಪುಟ್ಟ ಹಿಡಿಯ ಮೇಲೆ ಕೂತಾಗ ಅದು ಎಷ್ಟು ತಿರುಗಿದೆ ಎಂಬುದರಿಂದಲೇ ದೂರ ತಿಳಿಯುತ್ತದೆ, ಕ್ಯಾಮೆರಾ ಕಣ್ಣಿಗೇರುವ ಮೊದಲೇ ಫೋಕಸ್ ಆಗಿರುತ್ತದೆ. ನಾನು ಇಂಥ ಲೆನ್ಸುಗಳನ್ನು ಪ್ರೀತಿಸುವುದಕ್ಕೆ ಗಾತ್ರಕ್ಕಿಂತ ಇದೇ ದೊಡ್ಡ ಕಾರಣ.

ನಿಮಗೆ ಯಾವುದು ಬೇಕೆಂದು ಕಂಡುಕೊಳ್ಳುವುದು

ಇದಕ್ಕೆ ಬೇರೆಯವರ ಅಭಿಪ್ರಾಯಕ್ಕಿಂತ ನಿಮ್ಮ ಹಳೆಯ ಫೋಟೊಗಳೇ ಒಳ್ಳೆಯ ಸಾಕ್ಷಿ. ಕಳೆದ ಒಂದು ವರ್ಷದಲ್ಲಿ ನೀವು ಇಷ್ಟಪಟ್ಟು ಉಳಿಸಿಕೊಂಡ ನೂರು ಫೋಟೊಗಳನ್ನು ತೆರೆದು, ಪ್ರತಿಯೊಂದನ್ನೂ ಯಾವ ಅಪರ್ಚರಿನಲ್ಲಿ ತೆಗೆದಿದ್ದೀರಿ ಎಂದು ಬರೆದುಕೊಳ್ಳಿ. ತೆಗೆದ ಫೋಟೊಗಳನ್ನೆಲ್ಲ ಎಣಿಸಬೇಡಿ, ಉಳಿಸಿಕೊಂಡವನ್ನು ಮಾತ್ರ ಎಣಿಸಿ. ಹೊಸ ಲೆನ್ಸು ಕೈಗೆ ಬಂದ ಉತ್ಸಾಹದಲ್ಲಿ ಪೂರ್ತಿ ತೆರೆದು ತೆಗೆದ ನೂರಾರು ಚಿತ್ರಗಳು ಲೆಕ್ಕವನ್ನು ಕೆಡಿಸುತ್ತವೆ. ಎಫ್/4ರಿಂದ ಎಫ್/8ರ ನಡುವೆಯೇ ಹೆಚ್ಚಿನವು ಬಂದಿದ್ದರೆ, ಎಫ್/1.4ರಲ್ಲಿ ಮೂಲೆ ಸ್ಪಷ್ಟವಾಗಿರಲೆಂದು ಸೇರಿಸಿದ ಗಾಜು ನಿಮಗಾಗಿ ಕೆಲಸ ಮಾಡುತ್ತಿಲ್ಲ. ಅಪರ್ಚರನ್ನು ಎರಡು ಮೂರು ಹಂತ ಕಿರಿದುಮಾಡಿದಾಗ ಒಳ್ಳೆಯ ಪುಟ್ಟ ಲೆನ್ಸಿಗೂ ದೊಡ್ಡದಕ್ಕೂ ಇರುವ ಅಂತರ ಬಹಳ ಕುಗ್ಗುತ್ತದೆ. ಕಿಟಕಿಯ ಪ್ರಯೋಗವನ್ನು ಎಫ್/5.6ರಲ್ಲಿ ಮತ್ತೆ ಮಾಡಿದರೆ ಕಿಂಡಿ ಚಿಕ್ಕದಾಗಿ, ಲೆನ್ಸನ್ನು ಸಾಕಷ್ಟು ಓರೆಮಾಡಿದರೂ ದುಂಡಗೇ ಉಳಿಯುವುದು ಕಾಣುತ್ತದೆ.

ಜೊತೆಗೆ ಇನ್ನೆರಡು ವಿಷಯ ನೋಡಿ. ವಸ್ತು 0.7 ಮೀಟರಿಗಿಂತ ಹತ್ತಿರವಿದ್ದ ಚಿತ್ರಗಳೆಷ್ಟು? ವಸ್ತು ನಿಮ್ಮತ್ತ ಅಥವಾ ನಿಮ್ಮಿಂದ ದೂರಕ್ಕೆ ಚಲಿಸುತ್ತಿದ್ದ ಚಿತ್ರಗಳೆಷ್ಟು? ಮೊದಲನೆಯದು ಹೆಚ್ಚಿದ್ದರೆ ರೇಂಜ್‌ಫೈಂಡರ್ ಲೆನ್ಸು ದಿನಕ್ಕೆ ಹತ್ತು ಸಲ ನಿಮ್ಮನ್ನು ಹಿಂದಕ್ಕೆ ಹೆಜ್ಜೆಯಿಡಿಸುತ್ತದೆ. ಎರಡನೆಯದು ಹೆಚ್ಚಿದ್ದರೆ ಆಟೊಫೋಕಸನ್ನು ಬಿಡುವುದು ಜಾಣತನವಲ್ಲ.

ಗಾತ್ರ ಇಳಿಸಲು ಎಲ್ಲಕ್ಕಿಂತ ಹತ್ತಿರದ ದಾರಿ ಅಪರ್ಚರಿನ ಒಂದು ಹಂತವನ್ನು ಬಿಟ್ಟುಕೊಡುವುದು. ಎಫ್/2ರಿಂದ ಎಫ್/1.4ಕ್ಕೆ ಹೋದರೆ ಕಿಂಡಿಯ ವ್ಯಾಸ 1.4 ಪಟ್ಟು ಆಗುತ್ತದೆ. ಲೆನ್ಸಿನ ಎಲ್ಲ ಅಳತೆಗಳೂ ಅದೇ ಪ್ರಮಾಣದಲ್ಲಿ ಬೆಳೆದರೆ ಘನ ಗಾತ್ರ 2.8 ಪಟ್ಟು ಆಗುತ್ತದೆ. ಇದು ಕಚ್ಚಾ ಲೆಕ್ಕ, ಆದರೆ ದಿಕ್ಕು ಸರಿ: ನಿಕಾನ್ ಜೆಡ್ ಸಾಲಿನಲ್ಲೇ ಎಫ್/1.8 ಲೆನ್ಸು 415 ಗ್ರಾಂ ಇದ್ದರೆ ಎಫ್/1.2 ಲೆನ್ಸು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ.

ಆಟೊಫೋಕಸೂ ಬೇಕು, ಪುಟ್ಟದೂ ಬೇಕು ಎನ್ನುವವರು ಈ ದಾರಿಯಲ್ಲಿ ಹೋಗಿ ಎಫ್/2.8ರ ಆಸುಪಾಸಿನ ಇಂದಿನ ಲೆನ್ಸುಗಳನ್ನು ನೋಡಬೇಕು. ಸೋನಿ ಇ ಮೌಂಟಿನ ಜೈಸ್ 35 ಮಿ.ಮೀ. ಎಫ್/2.8 ಲೆನ್ಸು 120 ಗ್ರಾಂ, 36.5 ಮಿ.ಮೀ. ಉದ್ದ; 2021ರಲ್ಲಿ ಬಂದ 40 ಮಿ.ಮೀ. ಎಫ್/2.5 ಜಿ ಲೆನ್ಸು 173 ಗ್ರಾಂ, 45 ಮಿ.ಮೀ. ಉದ್ದ. ಮಿರರ್‌ಲೆಸ್ ಕ್ಯಾಮೆರಾ ಇಟ್ಟುಕೊಂಡ ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಇಂಥವನ್ನೇ, ಹಳೆಯ ರೇಂಜ್‌ಫೈಂಡರ್ ಲೆನ್ಸನ್ನಲ್ಲ. ಒಂದು ಎಚ್ಚರಿಕೆ ಇರಲಿ: ಇಂದಿನ ಪುಟ್ಟ ಲೆನ್ಸುಗಳಲ್ಲಿ ಕೆಲವು ಗೆರೆಗಳ ಬಾಗುವಿಕೆ ಮತ್ತು ಮೂಲೆಯ ಕತ್ತಲನ್ನು ತಿದ್ದುವ ಕೆಲಸವನ್ನು ಗಾಜಿಗೆ ಬದಲು ಸಾಫ್ಟ್‌ವೇರಿಗೆ ವಹಿಸುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮೂಲೆಯನ್ನು ಬೆಳಗಿಸಿದಾಗ ಅಲ್ಲಿ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು ಚುಕ್ಕೆ) ಕೂಡ ಏರುತ್ತದೆ. ಕೊಳ್ಳುವ ಮೊದಲು ತಿದ್ದುಪಡಿ ಇಲ್ಲದ ರಾ ಫೈಲನ್ನೂ ತೆರೆದು ನೋಡಿ.

ಪುಟ್ಟ ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾಗೆ ಹಾಕುವಾಗ

ಇಷ್ಟರ ಮೇಲೂ ರೇಂಜ್‌ಫೈಂಡರ್ ಲೆನ್ಸೇ ಬೇಕೆನಿಸಿದರೆ ಎರಡು ಮೌಂಟುಗಳನ್ನು ಕೂಡಿಸುವ ಅಡಾಪ್ಟರ್ ಬೇಕಾಗುತ್ತದೆ, ಅದರ ದಪ್ಪ ಎರಡು ಫ್ಲ್ಯಾಂಜ್ ಅಂತರಗಳ ವ್ಯತ್ಯಾಸದಷ್ಟು: ಎಂ ಮೌಂಟಿನಿಂದ ಸೋನಿ ಇ ಮೌಂಟಿಗೆ 9.8 ಮಿ.ಮೀ., ನಿಕಾನ್ ಜೆಡ್‌ಗೆ 11.8, ಕ್ಯಾನನ್ ಆರ್‌ಎಫ್ ಮತ್ತು ಎಲ್ ಮೌಂಟಿಗೆ 7.8. ಲೆನ್ಸು ಅನಂತ ದೂರವನ್ನು ಖಂಡಿತ ತಲುಪಲೆಂದು ಅಡಾಪ್ಟರುಗಳನ್ನು ಅನೇಕ ವೇಳೆ ಕೂದಲೆಳೆಯಷ್ಟು ತೆಳ್ಳಗೆ ಮಾಡಿರುತ್ತಾರೆ. ಆಗ ರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಫೋಕಸ್ ಅನಂತವನ್ನು ದಾಟಿಹೋಗುತ್ತದೆ, ಲೆನ್ಸಿನ ಮೇಲೆ ಕೆತ್ತಿದ ದೂರದ ಅಂಕಿಗಳೂ ಸುಳ್ಳಾಗುತ್ತವೆ. ನಾನು ಒಮ್ಮೆ ಇದನ್ನು ಪರೀಕ್ಷಿಸದೆ ಹೋಗಿ, ರಿಂಗನ್ನು ಕೊನೆಗೆ ತಿರುಗಿಸಿಟ್ಟು ಬೆಟ್ಟದ ಸಾಲಿನ ಒಂದು ಬೆಳಗಿನ ಚಿತ್ರಗಳನ್ನೆಲ್ಲ ಮಸುಕಾಗಿ ತಂದಿದ್ದೆ. ಮನೆಯಲ್ಲೇ ದೂರದ ಒಂದು ಗೋಪುರವನ್ನೋ ಕಂಬವನ್ನೋ ಎಲೆಕ್ಟ್ರಾನಿಕ್ ಕಿಟಕಿಯಲ್ಲಿ ಹಿಗ್ಗಿಸಿ ನೋಡಿ, ನಿಜವಾದ ಅನಂತ ರಿಂಗಿನಲ್ಲಿ ಎಲ್ಲಿ ಬರುತ್ತದೆ ಎಂದು ಗುರುತಿಟ್ಟುಕೊಳ್ಳಿ.

ಇದು ಮುಖ್ಯವಾಗುವುದು ದೂರವನ್ನು ಮೊದಲೇ ನಿಗದಿಮಾಡಿ ತೆಗೆಯುವವರಿಗೆ. 35 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿ 5 ಮೀಟರಿಗೆ ಇಟ್ಟರೆ ಹಳೆಯ 0.03 ಮಿ.ಮೀ. ಲೆಕ್ಕದಂತೆ ಎರಡೂವರೆ ಮೀಟರಿನಿಂದ ಹಿಡಿದು ಹೆಚ್ಚುಕಡಿಮೆ ಅನಂತದವರೆಗೆ ಸ್ಪಷ್ಟ. ಹೆಚ್ಚು ಪಿಕ್ಸೆಲ್ಲಿನ ಸೆನ್ಸರಿನಲ್ಲಿ ಚಿತ್ರವನ್ನು ದೊಡ್ಡದಾಗಿ ಮುದ್ರಿಸುವುದಿದ್ದರೆ ಎಫ್/8ರಲ್ಲಿ ತೆಗೆಯುವಾಗ ಎಫ್/4ರ ಗುರುತುಗಳನ್ನು ನಂಬುವುದು ಕ್ಷೇಮ.

ಫೋಕಸ್ ಮಾಡುವುದು ಫೋಟೊ ತೆಗೆಯುವ ಅಪರ್ಚರಿನಲ್ಲೇ ಇರಲಿ. ಗೋಳೀಯ ದೋಷವನ್ನು ಪೂರ್ತಿ ತಿದ್ದದ ಲೆನ್ಸುಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಜೈಸಿನ ಸಿ ಸೊನ್ನಾರ್ 50 ಮಿ.ಮೀ. ಎಫ್/1.5 ಈ ಗುಣಕ್ಕೆ ಹೆಸರಾದದ್ದು. ಹತ್ತಿರದ ವಸ್ತುಗಳು ಬೇಕೆನ್ನುವವರಿಗೆ ಒಳಗೆ ತಿರುಪು ಇರುವ ಅಡಾಪ್ಟರುಗಳು ಸಿಗುತ್ತವೆ, ಅವು ಲೆನ್ಸನ್ನು ಇನ್ನಷ್ಟು ಮುಂದಕ್ಕೆ ತಳ್ಳಿ 0.7 ಮೀಟರಿನ ಗೋಡೆಯನ್ನು ದಾಟಿಸುತ್ತವೆ. ಒಳಕ್ಕೆ ತಳ್ಳುವ ಹಳೆಯ ಕೊಳವೆ ಲೆನ್ಸುಗಳನ್ನು ಮಾತ್ರ ಮಿರರ್‌ಲೆಸ್ ಕ್ಯಾಮೆರಾದ ಮೇಲೆ ತಳ್ಳಬೇಡಿ. ಒಳಗೆ ಶಟರಿಗೆ ತಾಗುವ ಅಪಾಯವಿದೆ.

ಕೊನೆಯ ಪರೀಕ್ಷೆ ಮೂಲೆಗಳದು, ಅದನ್ನು ಫೋಕಲ್ ಲೆಂತ್ ನೋಡಿ ಮಾಡಬೇಕು. 50, 75, 90 ಮಿ.ಮೀ. ಲೆನ್ಸುಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು 28 ಮಿ.ಮೀ. ಮತ್ತು ಅದಕ್ಕಿಂತ ಅಗಲದ ನೋಟದವುಗಳಲ್ಲಿ, ಅದರಲ್ಲೂ ಹಿಂದಿನ ಗಾಜು ಸೆನ್ಸರಿಗೆ ತೀರ ಹತ್ತಿರ ಬರುವ ಸಮಮಿತಿಯ ಹಳೆಯ ವಿನ್ಯಾಸಗಳಲ್ಲಿ. 21 ಮಿ.ಮೀ.ನ ಅಂಥ ಲೆನ್ಸಿನಿಂದ ಮೂಲೆಗೆ ಹೋಗುವ ಕಿರಣ ಸುಮಾರು 45 ಡಿಗ್ರಿ ಓರೆಯಾಗಿ ಬೀಳುತ್ತದೆ. ಬೇರೆ ಯಾವ ಅಡ್ಡಿಯಿಲ್ಲದೆಯೂ ಅಲ್ಲಿಗೆ ತಲುಪುವ ಬೆಳಕು ನಡುವಿನ ನಾಲ್ಕನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಅದರ ಮೇಲೆ ಸೆನ್ಸರಿನ ಹೊದಿಕೆ ತನ್ನ ಕೆಡುಕನ್ನೂ ಸೇರಿಸುತ್ತದೆ. ಎಲೆ ಅಲುಗದ ಹೊತ್ತಿನಲ್ಲಿ, ದೂರದ ಮರಗಳ ಒಂದು ಸಾಲು ಚೌಕಟ್ಟಿನ ಮೂಲೆಗೂ ತಲುಪುವಂತೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಎಫ್/2.8, ಎಫ್/5.6, ಎಫ್/8, ಎಫ್/11ರಲ್ಲಿ ಒಂದೊಂದು ಫೋಟೊ ತೆಗೆಯಿರಿ. ಆಮೇಲೆ ಫೋಕಸನ್ನು ನಡುವಿನ ಬದಲು ಮೂಲೆಯ ಮೇಲಿಟ್ಟು ಅದೇ ನಾಲ್ಕನ್ನು ಮತ್ತೆ ತೆಗೆಯಿರಿ. ಎರಡನೆಯ ಸರದಿಯಲ್ಲಿ ಮೂಲೆ ಸ್ಪಷ್ಟವಾಗಿ ನಡು ಮಸುಕಾದರೆ ಫೋಕಸಿನ ಸಮತಲ ಬಾಗಿದೆ ಎಂದು ತಿಳಿಯಬೇಕು. ಹೊದಿಕೆ ಅದನ್ನು ಬಾಗಿಸಿರಬಹುದು; ಹಾಗಿದ್ದರೆ ಆ ಲೆನ್ಸನ್ನು ತೆಳು ಹೊದಿಕೆಯ ಲೈಕಾ ಎಂ ಕ್ಯಾಮೆರಾಗೋ ಫಿಲ್ಮಿಗೋ ಬಿಟ್ಟುಕೊಡುವುದು ಮೇಲು. ಎರಡೂ ಸರದಿಯಲ್ಲಿ ಒಂದೇ ಬದಿಯ ಮೂಲೆ ಮಾತ್ರ ಮೆತ್ತಗಿದ್ದರೆ ಅಡಾಪ್ಟರ್ ಓರೆಯಾಗಿರಬಹುದು ಅಥವಾ ಒಳಗಿನ ಯಾವುದೋ ಗಾಜು ಜಾಗ ತಪ್ಪಿರಬಹುದು. ಬೇರೊಂದು ಅಡಾಪ್ಟರ್ ಹಾಕಿ ಅದೇ ಮರಗಳನ್ನು ಇನ್ನೊಮ್ಮೆ ತೆಗೆದರೆ ತಪ್ಪು ಯಾವುದರಲ್ಲಿದೆ ಎಂಬುದು ಗೊತ್ತಾಗುತ್ತದೆ.